ಮೂವತ್ತೇಳನೇ ನಂಬರು

ನಮ್ಮ ದೊಡ್ಡಮ್ಮ ದಿಯೊಲಿಂದಾ ಫುರ್ತಾದೊ ಮೂವತ್ತೊಂದು ವರ್ಷ ಹೆಂಗಸರ ಕೈಚೀಲ ಹೊಲಿದವಳು. ಚೀಲ ಎಂದರೆ ತರಕಾರಿ ಚೀಲವಲ್ಲ. ಸಿನಿಮಾದವರು ಮೊಣಕೈಗೆ ನೇತುಹಾಕಿಕೊಂಡು ಫೋಟೋಕ್ಕೆ ನಿಲ್ಲುತ್ತಾರಲ್ಲ, ಅಂಥ ದೊಡ್ಡ ಹೆಸರಿನ ಚರ್ಮದ ಚೀಲ. ಅಮೆರಿಕದ ಫಾಲ್ ರಿವರ್ ಊರಿನಲ್ಲಿ ನದಿಗೆ ಬೆನ್ನು ಹಾಕಿ ನಿಂತ ಕಲ್ಲಿನ ಗಿರಣಿ, ಮೂರನೇ ಮಹಡಿ, ಕಿಟಕಿ ಪಕ್ಕದ ಮಿಷನ್ನು, ನಂಬರು ಮೂವತ್ತೇಳು. ಆ ಕಂಪನಿಯ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ಚೀಲದ ಬಗ್ಗೆ ಕೇಳುತ್ತೀರಿ, ದೊಡ್ಡಮ್ಮನನ್ನು ಮರೆಯುತ್ತೀರಿ. ನನ್ನ ಸಲೂನಿಗೆ ಕೂದಲು ಕತ್ತರಿಸಿಕೊಳ್ಳಲು ಬರುವವರೆಲ್ಲ ಹಾಗೇ ಮಾಡುತ್ತಾರೆ.

ನಂಬರಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಪ್ರತಿ ಚೀಲದ ಒಳಜೇಬಿನಲ್ಲಿ ಉಗುರಿನಷ್ಟಗಲದ ಒಂದು ಚರ್ಮದ ಪಟ್ಟಿ ಇರುತ್ತಿತ್ತು. ಅದರ ಮೇಲೆ ಹೊಲಿದವಳ ನಂಬರು ಒತ್ತಿರುತ್ತಿತ್ತು. ಎಲ್ಲಾದರೂ ಹೊಲಿಗೆ ಬಿಚ್ಚಿಕೊಂಡರೆ ಆ ಚೀಲ ಅಂಗಡಿಯಿಂದ ನೇರ ಗಿರಣಿಗೆ, ಗಿರಣಿಯಿಂದ ನೇರ ಆ ನಂಬರಿನ ಮೇಜಿಗೆ ವಾಪಸು. ಮೇಸ್ತ್ರಿ ನಲವತ್ತು ಜನರ ಎದುರು ಅದನ್ನು ತಂದು ಧೊಪ್ಪೆಂದು ಹಾಕುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ದೊಡ್ಡಮ್ಮನ ಮೇಜಿಗೆ ಹಾಗೆ ಬಂದದ್ದು ನಾಲ್ಕು. ಬೇರೆ ತಾಯಂದಿರು ಮಕ್ಕಳಿಗೆ ಬಂದ ಜ್ವರಗಳನ್ನು ನೆನಪಿಟ್ಟುಕೊಂಡ ಹಾಗೆ ಆ ನಾಲ್ಕನ್ನೂ ಅವಳು ನೆನಪಿಟ್ಟುಕೊಂಡಿದ್ದಾಳೆ. ಒಂದು, ದೊಡ್ಡಪ್ಪ ಅಬೀಲಿಯೊ ತೀರಿಕೊಂಡ ವಾರ ಹೊಲಿದದ್ದು. ಅದಕ್ಕೂ ಅವಳು ಕಾರಣ ಹೇಳಲಿಲ್ಲ. ಬಿಚ್ಚಿ ಮತ್ತೆ ಹೊಲಿದುಕೊಟ್ಟಳು.

ಇಷ್ಟು ಕೇಳಿ ಇವಳೊಬ್ಬಳು ಸಾಧು ಮುದುಕಿ ಎಂದುಕೊಂಡಿರೋ, ಕೆಟ್ಟಿರಿ. ಒಮ್ಮೆ ಹೊಸ ಮೇಸ್ತ್ರಿಯೊಬ್ಬ ಬಂದು, ಅಂಗುಲಕ್ಕೆ ಹತ್ತು ಹೊಲಿಗೆ ಯಾಕೆ, ಏಳು ಹಾಕಿದರೆ ಕೆಲಸ ಬೇಗ ಸಾಗುತ್ತದೆ ಎಂದನಂತೆ. ದೊಡ್ಡಮ್ಮ ಮಿಷನ್ನಿನಿಂದ ಕಾಲು ತೆಗೆದಳು. ಕೈ ಕಟ್ಟಿಕೊಂಡು ಕೂತಳು. ಪಕ್ಕದವಳೂ ತೆಗೆದಳು. ಐದು ನಿಮಿಷದಲ್ಲಿ ನಲವತ್ತು ಮಿಷನ್ನೂ ನಿಂತು, ಮಹಡಿಯಲ್ಲಿ ನದಿಯ ಸದ್ದು ಕೇಳಿಸಿತಂತೆ. ಊಟದ ಹೊತ್ತಿಗೆ ಮೇಸ್ತ್ರಿ ಮತ್ತೆ ಹತ್ತು ಹೊಲಿಗೆಗೇ ಬಂದ.

ಇನ್ನು ನಮ್ಮೂರಿನ ಒಂದು ಪದ್ಧತಿ ಗೊತ್ತಿಲ್ಲದಿದ್ದರೆ ನನ್ನ ತಪ್ಪು ನಿಮಗೆ ಅರ್ಥವಾಗುವುದಿಲ್ಲ. ನಮ್ಮದು ಸೆಕೆಂಡ್ಸ್, ಅಂದರೆ ಹೊಲಿಗೆಯಲ್ಲಿ ಲೋಪವಾದ ಮಾಲು, ತೊಟ್ಟು ಬೆಳೆದ ಊರು. ತೋಳು ಒಂದೆಳೆ ಉದ್ದವಾದ ಕೋಟು, ಗುಂಡಿ ಸೊಟ್ಟಗಾದ ಅಂಗಿ, ಒಂದು ಕಡೆ ಹೊಲಿಗೆ ಓಡಿಹೋದ ಪರದೆ, ಎಲ್ಲ ಶನಿವಾರ ಗಿರಣಿಯ ಹಿಂಬಾಗಿಲಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. ಮೊದಲ ಪರಮಪ್ರಸಾದಕ್ಕೆ ನಾನು ತೊಟ್ಟ ಬಿಳಿ ಫ್ರಾಕೂ ಸೆಕೆಂಡ್ಸೇ. ಆ ಮಾತಿನಲ್ಲಿ ನಮಗೆ ನಾಚಿಕೆ ಇಲ್ಲ. ನಮ್ಮವರೇ ಹೊಲಿದದ್ದು, ನಮ್ಮವರೇ ಎಡವಿದ್ದು, ನಾವೇ ತೊಟ್ಟಿದ್ದು.

ಆ ವರ್ಷ ದೊಡ್ಡಮ್ಮನಿಗೆ ಅರವತ್ತೆಂಟು. ಕೆಲಸ ಬಿಟ್ಟು ಎಂಟು ವರ್ಷ, ಗಿರಣಿ ಮುಚ್ಚಿ ಆರು ವರ್ಷ. ಆ ವರ್ಷವೇ ಕಿರೀಟ ಅವಳ ಮನೆಗೆ ಬಂದದ್ದು.

ಈಸ್ಟರ್ ಕಳೆದು ಪವಿತ್ರಾತ್ಮನ ಹಬ್ಬದವರೆಗೆ ಏಳು ವಾರ, ಏಳು ಮನೆ. ಬೆಳ್ಳಿಯ ಕಿರೀಟ ವಾರಕ್ಕೊಂದು ಮನೆಯಲ್ಲಿ ಕೂರುತ್ತದೆ. ದಿನಾ ಸಂಜೆ ಬೀದಿಯವರೆಲ್ಲ ಬಂದು ಜಪಸರ ಹೇಳಿ, ಸಿಹಿ ಬ್ರೆಡ್ಡು ತಿಂದು, ಅರ್ಧ ಲೋಟ ವೈನು ಕುಡಿದು, ಮನೆಯವರ ಪರದೆ ಚೆನ್ನಾಗಿದೆಯೋ ಇಲ್ಲವೋ ನೋಡಿಕೊಂಡು ಹೋಗುತ್ತಾರೆ. ಏಳನೇ ವಾರದ ಮನೆಗೆ ಎಲ್ಲಕ್ಕಿಂತ ಹೆಚ್ಚಿನ ಮರ್ಯಾದೆ. ಹಬ್ಬದ ಭಾನುವಾರ ಕಿರೀಟವನ್ನು ಕೈಯಲ್ಲಿ ಹೊತ್ತು ಚರ್ಚಿಗೆ ನಡೆಯುವುದು ಆ ಮನೆಯ ಯಜಮಾನಿಯೇ. ಯಾವ ವಾರ ಯಾವ ಮನೆ ಎಂದು ಹಿಂದಿನ ವರ್ಷ ಚೀಟಿ ಎತ್ತಿ ನಿರ್ಧರಿಸುತ್ತಾರೆ. ದೊಡ್ಡಮ್ಮ ಪೋರ್ಚುಗಲ್ಲಿನ ಅಸೋರ್ಸ್ ದ್ವೀಪದಿಂದ ಬಂದ ಎರಡನೇ ವರ್ಷದಿಂದ ಚೀಟಿ ಹಾಕುತ್ತಿದ್ದಳು. ಮೂವತ್ತೆಂಟು ವರ್ಷ ಒಂದು ವಾರವೂ ಬರಲಿಲ್ಲ. ಬಂದದ್ದು ಏಳನೆಯದೇ ಬಂತು. ಗಿರಣಿಯವರು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದ ದಿನ ಕಣ್ಣಲ್ಲಿ ಹನಿ ನೀರಿಲ್ಲದವಳು, ಚೀಟಿ ಬಂದ ದಿನ ಚರ್ಚ್ ಹಾಲ್‌ನಲ್ಲಿ ಎಲ್ಲರೆದುರು ಗೊಳೋ ಎಂದು ಅತ್ತಳು.

ಮುಂದಿನ ಕೋಣೆಗೆ ಸುಣ್ಣ ಬಣ್ಣ ಆಯಿತು. ಸೋಫಾ ನನ್ನ ಮನೆಗೆ ಸಾಗಿತು. ಚಳಿಗಾಲವೆಲ್ಲ ಕೂತು ಕಾಗದದ ಬಿಳಿ ಹೂ ಮಾಡಿದಳು. ಕಿರೀಟ ಭಾನುವಾರ ಬಂದು ಆ ಕೋಣೆಯಲ್ಲಿ ಅವಳು ಸಿಂಗರಿಸಿದ ಪೀಠದ ಮೇಲೆ ಕೂತಾಗ, ಅದರ ತುದಿಯ ಬೆಳ್ಳಿ ಪಾರಿವಾಳವನ್ನು ನೋಡುತ್ತಾ, "ನೋಡೇ ಜುಲ್ಮೀರಾ, ಕೊನೆಗೂ ನನ್ನ ವಿಳಾಸ ಸಿಕ್ತು ಇದಕ್ಕೆ," ಎಂದಳು.

ಇನ್ನು ನನ್ನ ಘನಕಾರ್ಯ. ಹಬ್ಬದ ದಿನ ಯಾರು ಬಂದರೂ ಹೊಟ್ಟೆ ತುಂಬ ಮಾಂಸದ ಸಾರು, ಬ್ರೆಡ್ಡು ಬಡಿಸಬೇಕು. ಅದಕ್ಕಾಗಿ ಪ್ರತಿ ಕಿರೀಟದ ಮನೆಯೂ ಏನಾದರೊಂದು ಮಾಡಿ ಕೈಲಾದಷ್ಟು ಹಣ ಎತ್ತಿಕೊಡುತ್ತದೆ. ಸಮಿತಿ ಅಧ್ಯಕ್ಷ ಗುವಾಲ್ತೆರ್ ಅರ್ರೂದನ ಹೆಂಡತಿ ಒದೀಲಿಯಾ ನನ್ನ ಸಲೂನಿನಲ್ಲಿ ತಲೆಗೆ ಬಣ್ಣ ಮೆತ್ತಿಸಿಕೊಂಡು ಕೂತಿದ್ದಾಗ ಹೇಳಿದಳು: "ಶೆರಿ ಅಂತ ಒಬ್ಳಿದಾಳೆ ಕಣೇ. ಕಂಪನಿ ಚೀಲದ ಸೆಕೆಂಡ್ಸ್ ಮಾರ್ತಾಳೆ. ಮನೆಮನೆಗೆ ಬಂದು ಪಾರ್ಟಿ ಥರ ಮಾಡ್ತಾಳೆ. ಬಂದಿದ್ರಲ್ಲಿ ಅರ್ಧ ಹಬ್ಬಕ್ಕೆ. ಮಂಗಳವಾರ ನಿಮ್ಮ ದೊಡ್ಡಮ್ಮನ ನೆಲಮಾಳಿಗೇಲಿ ಇಟ್ಕೊಳ್ಳೋಣ?"

ನಾನು ದೊಡ್ಡಮ್ಮನಿಗೆ, "ಸೆಕೆಂಡ್ಸ್ ಅಂತೆ, ನಿಮ್ಮ ಗಿರಣೀದೇ," ಎಂದೆ. ಅವಳು ಹೂವಿನ ಮೇಲಿಂದ ತಲೆ ಎತ್ತದೆ, "ಆಗ್ಲಿ, ಯಾರ ಕೈಕೆಲಸ ಅಂತ ನೋಡೋಣ," ಎಂದಳು. ನನಗೆ ಅನುಮಾನ ಬಂದಿರಲಿಲ್ಲವೇ? ಬಂದಿತ್ತು. ಗಿರಣಿ ಮುಚ್ಚಿ ಆರು ವರ್ಷವಾದ ಮೇಲೆ ಸೆಕೆಂಡ್ಸ್ ಎಲ್ಲಿಂದ ಉದುರುತ್ತವೆ? ಆದರೆ ವೈನ್ ಬಣ್ಣದ ಒಂದು ಚೀಲದ ಮೇಲೆ ನನಗೆ ಬಹಳ ವರ್ಷದಿಂದ ಕಣ್ಣಿತ್ತು. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ.

ಮಂಗಳವಾರ ನಾಲ್ಕು ಗಂಟೆಗೆ ಶೆರಿ ಬಂದಳು. ನಮ್ಮ ಎಲ್ಲ ಮನೆಗಳ ಹಾಗೆ ದೊಡ್ಡಮ್ಮನಿಗೂ ಎರಡು ಅಡುಗೆಮನೆ: ಮೇಲಿನದು ನೋಡಲಿಕ್ಕೆ, ನೆಲಮಾಳಿಗೆಯದು ಬೇಯಿಸಲಿಕ್ಕೆ. ಆ ಕೆಳಗಿನ ಉದ್ದ ಮೇಜಿನ ಮೇಲೆ ಶೆರಿ ಕಸದ ಕಪ್ಪು ಚೀಲಗಳನ್ನು ಬೋರಲು ಹಾಕಿದಳು. ಕೈಚೀಲಗಳು ರಾಶಿಯಾಗಿ ಬಿದ್ದವು. ಸೇರಿದ್ದ ಬೀದಿಯ ಹೆಂಗಸರು ಮುಗಿಬಿದ್ದರು. ನಾನೂ ಬಿದ್ದೆ, ವೈನ್ ಬಣ್ಣದ್ದನ್ನು ಕಂಕುಳಲ್ಲಿ ಒತ್ತಿಕೊಂಡು ದುಡ್ಡು ಕೊಟ್ಟೂ ಆಯಿತು. ನಲವತ್ತೊಂದು ಚೀಲ ಅರ್ಧ ಗಂಟೆಯಲ್ಲಿ ಖಾಲಿ.

ಆಗ ದೊಡ್ಡಮ್ಮ ಬ್ರೆಡ್ಡಿನ ತಟ್ಟೆ ಹಿಡಿದು ಮೆಟ್ಟಿಲಿಳಿದು ಬಂದಳು. ಒದೀಲಿಯಾ ತನ್ನ ಚೀಲದ ಒಳಜೇಬು ಹೊರಗೆಳೆದು ಕೂಗಿದಳು: "ದಿಯೊಲಿಂದಕ್ಕಾ, ನೋಡ್ಬನ್ನಿ! ಮೂವತ್ತೇಳು! ನೀವು ಹೊಲಿದಿದ್ದೇ ನನಗೆ ಸಿಕ್ಕಿದೆ!"

"ನಂದೂ ಮೂವತ್ತೇಳು!" ಎಂದಳು ಇನ್ನೊಬ್ಬಳು. "ಅಯ್ಯೋ, ನಂದೂ!" ಎಂದೆ ನಾನು. ಎಲ್ಲರೂ ಜೇಬು ತಿರುಗಿಸಿದರು. ಎಲ್ಲದರಲ್ಲೂ ಮೂವತ್ತೇಳು. ಯಾರೋ ಚಪ್ಪಾಳೆ ತಟ್ಟಿದರು. ದೊಡ್ಡಮ್ಮನಿಗೆ ಮಾಡಿದ ಸನ್ಮಾನವೆಂದೇ ನಾವೆಲ್ಲ ತಿಳಿದೆವು, ದೇವರಾಣೆಗೂ.

ದೊಡ್ಡಮ್ಮ ತಟ್ಟೆ ಕೆಳಗಿಟ್ಟಳು. ಒದೀಲಿಯಾಳ ಚೀಲ ತೆಗೆದುಕೊಂಡು, ವಕ್ರವಾದ ಬಲ ಹೆಬ್ಬೆರಳನ್ನು ಹೊಲಿಗೆಯ ಉದ್ದಕ್ಕೂ ಒಮ್ಮೆ ಎಳೆದಳು. ಮೂಸಿದಳು. ಮುಖ ಸಿಂಡರಿಸಿದಳು. ಇನ್ನೊಂದು ತೆಗೆದುಕೊಂಡಳು, ಮತ್ತೊಂದು.

"ಇದ್ಯಾವ ಗಿರಣಿದಮ್ಮ?" ಎಂದು ಶೆರಿಯನ್ನು ಕೇಳಿದಳು.

"ಸೆಕೆಂಡ್ಸ್ ಅಮ್ಮಾ. ಸಣ್ಣಪುಟ್ಟ ಲೋಪ ಇರುತ್ತೆ."

"ಲೋಪ ನನಗೆ ಹೇಳ್ಕೊಡ್ತೀಯಾ? ಸೆಕೆಂಡ್ಸ್‌ನಲ್ಲಿ ಒಂದೊಂದು ಒಂದೊಂದ್ ಕಡೆ ಕೆಟ್ಟಿರುತ್ತೆ. ಒಬ್ಳಿಗೆ ಕೆಮ್ಮು ಬಂದಿರುತ್ತೆ, ಒಬ್ಳಿಗೆ ಮನೆ ಯೋಚನೆ, ಕೈ ಜಾರಿರುತ್ತೆ. ಇವೆಲ್ಲ ಒಂದೇ ಕಡೆ, ಒಂದೇ ಥರ ಕೆಟ್ಟಿವೆ. ಹಿಡಿ ಕೂತಿರೋ ಜಾಗದಲ್ಲಿ ಯಾವುದಕ್ಕೂ ವಾಪಸ್ ಹೊಲಿಗೇನೇ ಇಲ್ಲ." ಚೀಲವನ್ನು ಮೇಜಿನ ಮೇಲೆ ಒಗೆದಳು. "ನಾನು ಹೊಲಿದ ಒಂದನ್ನ ಯಾರೋ ಕೊಂಡ್ಕೊಂಡು ಬಿಚ್ಚಿ ಹರಡಿದಾರೆ. ಕಂಡಿದ್ದೆಲ್ಲ ನಕಲು ಹೊಡೆದಿದಾರೆ. ಆ ನಂಬರು ಯಾತಕ್ಕೆ ಅಂತಾನೂ ಗೊತ್ತಿಲ್ಲದೆ ಅದನ್ನೂ ಹೊಡೆದಿದಾರೆ. ಕಳ್ಳಮಾಲು ಇದು. ಮೇಲಿನ ಕೋಣೇಲಿ ದೇವರ ಕಿರೀಟ ಕೂತಿದೆ, ಅದರ ಕೆಳಗೆ ತಂದು ಸುರೀತೀಯಾ? ಎತ್ಕೊಂಡು ನಡಿ!"

ಶೆರಿ ದುಡ್ಡು ಎಣಿಸಿಕೊಂಡಾಗಿತ್ತು. ಹಬ್ಬದ ಪಾಲನ್ನು ಲಕೋಟೆಗೆ ಹಾಕಿ ಮೇಜಿನ ಮೇಲಿಟ್ಟು ಹಿಂಬಾಗಿಲಿಂದ ಜಾಗ ಖಾಲಿ ಮಾಡಿದಳು. ದೊಡ್ಡಮ್ಮ ಆ ಲಕೋಟೆಯನ್ನು ಮುಟ್ಟಲಿಲ್ಲ. "ಇದು ನನ್ನ ಮನೆಯಿಂದ ಹಬ್ಬಕ್ಕೆ ಹೋಗೋದಿಲ್ಲ. ನೀವೂ ಈ ಚೀಲ ಹಿಡ್ಕೊಂಡು ಮೇಲಕ್ಕೆ ಬರಬೇಡಿ," ಎಂದಳು.

ಒದೀಲಿಯಾ ಸುಮ್ಮನಿರುವವಳೇ? ಅವಳೂ ಅದೇ ಗಿರಣಿಯ ಪ್ಯಾಕಿಂಗ್‌ನಲ್ಲಿ ಹದಿನಾರು ವರ್ಷ ದುಡಿದವಳು. "ಬದುಕೆಲ್ಲ ನೀವು ಹೊಲಿದ್ರಿ, ನಾನು ಡಬ್ಬಿಗೆ ತುಂಬಿದೆ. ಒಂದಾದ್ರೂ ಹೊತ್ವಾ ಅಕ್ಕಾ? ನಮ್ಮ ತಿಂಗಳ ಸಂಬಳ ಸುರಿದ್ರೂ ಬರ್ತಿರಲಿಲ್ಲ. ಈಗ ಯಾವುದೋ ಶ್ರೀಮಂತ ಕಂಪನಿಗೆ ನಷ್ಟ ಆಯ್ತು ಅಂತ ನೀವ್ಯಾಕೆ ಕುಣೀತೀರಿ?" ಎಂದು ಚೀಲವನ್ನು ಹೆಗಲಿಗೇರಿಸಿ ಹೊರಟಳು. ಉಳಿದವರು ಮೋರೆ ಗಂಟು ಹಾಕಿಕೊಂಡು ಹಿಂದೆಯೇ ಹೋದರು. ಒದೀಲಿಯಾ ಹೇಳಿದ್ದರಲ್ಲಿ ನಿಜವಿತ್ತು ಎಂದು ನನಗನ್ನಿಸಿತು.

ಮಾರನೇ ದಿನ ಮಧ್ಯಾಹ್ನ ಗುವಾಲ್ತೆರ್ ಬಂದ. ಕೆಟ್ಟವನಲ್ಲ, ಜಗಳವೆಂದರೆ ಬೆವರುವ ಮನುಷ್ಯ. ಟೋಪಿ ತಿರುಗಿಸುತ್ತಾ ಕೂತ.

"ಅಕ್ಕಾ, ಹೆಂಗಸರಿಗೆ ಬಹಳ ನೋವಾಗಿದೆ. ಕಳ್ಳಮಾಲು ಕೊಂಡವರು ಅಂತ ಅಂದಂಗಾಯ್ತಲ್ಲ. ಭಾನುವಾರ ಕೋಸು ಹೆಚ್ಚೋಕೂ ಬರಲ್ಲ, ಸಾರು ಕಾಯಿಸೋಕೂ ಬರಲ್ಲ ಅಂತಿದಾರೆ. ಆರುನೂರು ಜನಕ್ಕೆ ನಾನೊಬ್ನೇ ಬಡಿಸ್ಲಾ?"

"ಅದಕ್ಕೆ?"

"ನಾಳೆ ಜಪಸರ ಆದ್ಮೇಲೆ ಎದ್ದು ನಿಂತು ಎರಡು ಮಾತು ಹೇಳ್ಬಿಡಿ. ನಾನೇ ತಪ್ಪು ತಿಳ್ಕೊಂಡೆ, ಚೀಲ ಸರಿಯಾಗೇ ಇವೆ ಅಂತ. ಅಷ್ಟೇ. ಇಲ್ದಿದ್ರೆ..." ಪೀಠದ ಕಡೆ ನೋಡಿದ. "ಇಲ್ದಿದ್ರೆ ಕಿರೀಟ ನಮ್ಮನೆಗೆ ತಗೊಂಡು ಹೋಗ್ಬೇಕಾಗುತ್ತೆ. ಭಾನುವಾರ ಒದೀಲಿಯಾ ಹೊರ್ತಾಳೆ. ನನ್ನನ್ನ ಆ ಸ್ಥಿತಿಗೆ ತರಬೇಡಿ."

ದೊಡ್ಡಮ್ಮ ಅವನಿಗೆ ಕಾಫಿ ಕೊಟ್ಟಳು. "ನಾಳೆ ಮಾತಾಡ್ತೀನಿ," ಎಂದಳು. ಅವನು ನಿಟ್ಟುಸಿರು ಬಿಟ್ಟು ಎದ್ದ. ಬಾಗಿಲಾಚೆ ಅವನು ಹೋಗುತ್ತಲೂ ನಾನು ಅವಳ ಕೈ ಹಿಡಿದುಕೊಂಡೆ: ದೊಡ್ಡಮ್ಮ, ಎರಡು ಮಾತು, ಹೇಳಿ ಮುಗಿಸಿಬಿಡು, ಮೂವತ್ತೆಂಟು ವರ್ಷ ಕಾದಿದ್ದೀಯ. ಅವಳು ಕೈ ಬಿಡಿಸಿಕೊಂಡು ಲೋಟ ತೊಳೆಯಲು ಹೋದಳು.

ಗುರುವಾರ ಸಂಜೆ ಇನ್ನೂ ಬಿಸಿಲಿತ್ತು. ಕೋಣೆ ತುಂಬಿ, ಮೆಟ್ಟಿಲ ಮೇಲೂ ಜನ. ಬೇಡ ಎಂದರೂ ಒದೀಲಿಯಾ ಅದೇ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಜಪಸರ ಮುಗಿಯಿತು. ದೊಡ್ಡಮ್ಮ ಎದ್ದು ನಿಂತಳು. ಎಲ್ಲರೂ ತಪ್ಪೊಪ್ಪಿಗೆ ಕೇಳಲು ಕಿವಿ ನಿಮಿರಿಸಿದರು.

"ಒದೀಲಿಯಾ ಮೊನ್ನೆ ಕೇಳಿದ್ಳು, ಕಂಪನಿಗೆ ನಷ್ಟ ಆದ್ರೆ ನಿಮಗ್ಯಾಕೆ ಅಂತ. ಸರಿಯಾಗೇ ಕೇಳಿದ್ಳು. ಕಂಪನಿ ನನಗೊಂದು ಗಡಿಯಾರ ಕೊಟ್ಟು ಕಳಿಸ್ತು, ಅದೂ ನಿಂತುಹೋಗಿದೆ. ಕಂಪನಿ ಹಾಳಾಗಿ ಹೋಗ್ಲಿ, ಅದರ ವಕಾಲತ್ತು ನಾನು ವಹಿಸಲ್ಲ.

"ಆದ್ರೆ ಆ ಹೊಲಿಗೆ ನೋಡಿದ್ರಾ? ಹಿಡಿ ಹತ್ರ ಬಂದಾಗ ಮಿಷನ್ನು ನಿಲ್ಲಿಸಿ, ಚೀಲ ತಿರುಗಿಸಿ, ನಾಲ್ಕು ಹೊಲಿಗೆ ವಾಪಸ್ ಹಾಕ್ಬೇಕು. ಅದಕ್ಕೆ ಬೇಕಾಗೋದು ಮೂರು ಉಸಿರು. ಇದನ್ನ ಹೊಲಿದವಳಿಗೆ ಆ ಮೂರು ಉಸಿರು ಕೊಟ್ಟಿಲ್ಲ. ಹಿಂದೆ ಯಾರೋ ನಿಂತಿದಾನೆ. ಆ ಅಂಟಿನ ವಾಸನೆ ನಿಮ್ಮ ಮೂಗಿಗೆ ಹೊಡೀಲಿಲ್ವಾ? ನಮಗೆ ಕಿಟಕಿ ಇತ್ತು. ಅದನ್ನ ಮುಚ್ಚಿದ ದಿನ ಜಗಳ ಮಾಡಿ ತೆಗೆಸಿದ್ವಿ. ಯೂನಿಯನ್ ಇತ್ತು. ಅವಳಿಗೆ ಏನಿದೆ? ಎಲ್ಲಿದಾಳೆ? ಹೆಸರೇನು? ಚೀಲ ಹರಿದ್ರೆ ಯಾರನ್ನ ಕೇಳ್ತೀರಿ? ನನಗೊಂದು ನಂಬರಾದ್ರೂ ಇತ್ತು. ತಪ್ಪಾದ್ರೆ ನನ್ನ ಮೇಜಿಗೆ ಬರ್ತಿತ್ತು, ಚೆನ್ನಾಗಿದ್ರೂ ಅದು ನಂದೇ. ಅವಳಿಗೆ ಅದೂ ಇಲ್ಲ. ಅದಕ್ಕೇ ನನ್ನದನ್ನ ಅಂಟಿಸಿದಾರೆ. ನನ್ನ ನಂಬರಿನ ಹಿಂದೆ ಅವಳನ್ನ ಬಚ್ಚಿಟ್ಟಿದಾರೆ.

"ನಾವು ಒಂದೂ ಹೊರಲಿಲ್ಲ ಅಂದೆ ಒದೀಲಿಯಾ. ಹೌದು, ಹೊರಲಿಲ್ಲ. ಈಗ್ಲೂ ಹೊರ್ತಿಲ್ಲ ಕಣೇ, ಇದು ನಕಲಿ. ಹೊತ್ತಿದೀನಿ ಅಂತ ಯಾರಿಗೆ ತೋರಿಸ್ತೀಯಾ? ಈ ಬೀದೀಲಿ ಯಾರ ಸಂಬಳ ಎಷ್ಟು ಅಂತ ಯಾರಿಗೆ ಗೊತ್ತಿಲ್ಲ? ಬಟ್ಟೆ ಚೀಲ ಹಿಡ್ಕೊಂಡು ನಡಿ, ತಲೆ ಎತ್ಕೊಂಡು ನಡಿ. ಬೇಕಾ, ನಾನು ಹೊಲಿದುಕೊಡ್ತೀನಿ."

ಒದೀಲಿಯಾಳ ಮುಖ ಕೆಂಪಾಯಿತು. ಎರಡೂ ಕೈ ಚೀಲದ ಮೇಲೆ ಬಂದವು. ಗುವಾಲ್ತೆರ್ ಟೋಪಿ ಹಿಡಿದು ಎದ್ದು ನಿಂತ. ದೊಡ್ಡಮ್ಮ ಅವನನ್ನು ಕಾಯಿಸಲೂ ಇಲ್ಲ. ಪೀಠದ ಮುಂದೆ ಮಂಡಿಯೂರಿ ಪಾರಿವಾಳಕ್ಕೆ ಮುತ್ತಿಟ್ಟಳು. ಎದ್ದು, ಅದು ಕೂತಿದ್ದ ತಟ್ಟೆ ಸಮೇತ ಕಿರೀಟವನ್ನು ಎತ್ತಿ ತಂದು ಅವನ ಕೈಗಿಟ್ಟಳು.

"ನೀನು ಕಿತ್ಕೊಂಡೆ ಅಂತ ಆಗ್ಬಾರ್ದು. ನಾನೇ ಕೊಟ್ಟಿದೀನಿ. ಎರಡೂ ಕೈಯಲ್ಲಿ ಹಿಡ್ಕೋ, ಬೀಳಿಸಬೇಡ."

ಜನ ಬ್ರೆಡ್ಡು ತಿನ್ನದೆ ಹೋದರು. ದೊಡ್ಡಮ್ಮ ಪೀಠದ ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ಕಿರುಚಿದೆ: "ಮೂವತ್ತೆಂಟು ವರ್ಷ ದೊಡ್ಡಮ್ಮ! ಒಂದು ಸಣ್ಣ ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಆ ನಂಬರು ನಲವತ್ತೊಂದು ಕಡೆ ನನ್ನ ಹೆಸರಲ್ಲಿ ಸುಳ್ಳು ಹೇಳ್ತಿದೆ. ನಾನೂ ಅದರ ಜೊತೆ ಸೇರ್ಕೊಂಡು ಹೇಳ್ಲಾ?" ಎಂದಳು. ಆಮೇಲೆ ನನ್ನನ್ನೇ ನೋಡಿ, "ನಿಂದು ಎಲ್ಲಿಟ್ಟಿದೀಯಾ?" ಎಂದಳು.

ಕಾರಿನಲ್ಲಿತ್ತು. ಹೋಗಿ ತಂದೆ. ಅವಳು ಹೊಲಿಗೆ ಬಿಚ್ಚುವ ಕೊಕ್ಕೆ ಕೊಟ್ಟು, "ನೀನೇ ಬಿಚ್ಚು," ಎಂದಳು. ಒಳಜೇಬಿನ ಆ ಪಟ್ಟಿ ಎರಡು ಎಳೆತಕ್ಕೆ ಕೈಗೆ ಬಂತು. ದೊಡ್ಡಮ್ಮ ಹೊಲಿದ ಪಟ್ಟಿಯಾಗಿದ್ದರೆ ಅರ್ಧ ಗಂಟೆ ಒದ್ದಾಡಬೇಕಿತ್ತು. ನಾನು ಅತ್ತೆ. ಅವಳು ಅಳಲಿಲ್ಲ, ನನಗೆ ಬ್ರೆಡ್ಡು ಕೊಟ್ಟು ತಾನೂ ಎರಡು ತುಂಡು ತಿಂದಳು.

ಭಾನುವಾರ ಒದೀಲಿಯಾ ಕಿರೀಟ ಹೊತ್ತಳು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಹೊತ್ತಳು. ದೊಡ್ಡಮ್ಮ ಮೆರವಣಿಗೆಯ ಕೊನೆಯಲ್ಲಿ ಬ್ಯಾಂಡಿನವರ ಹಿಂದೆ ನಡೆದಳು. ಅದಕ್ಕೂ ಮೊದಲು ಬೆಳಿಗ್ಗೆ ಐದಕ್ಕೇ ಚರ್ಚ್ ಹಾಲ್‌ನ ಅಡುಗೆಮನೆಗೆ ಹೋಗಿ, ಎಂದಿನ ಜಾಗದಲ್ಲಿ ಕೂತು ಕೋಸು ಹೆಚ್ಚಿದ್ದಳು. ಹೆಂಗಸರೂ ಬಂದಿದ್ದರು, ಯಾರೂ ಅವಳನ್ನು ಮಾತಾಡಿಸಲಿಲ್ಲ. ಅವಳೂ ಕ್ಯಾರೇ ಅನ್ನಲಿಲ್ಲ. ಬಡಿಸುವ ಗಲಾಟೆಯಲ್ಲಿ ಯಾರೋ ಅವಳ ಏಪ್ರನ್ ಜೇಬಿಗೆ ಏನನ್ನೋ ತುರುಕಿ ಹೋದರು. ತೆಗೆದು ನೋಡಿದರೆ ಉಗುರಿನಷ್ಟಗಲದ ಪಟ್ಟಿ, ಮೂವತ್ತೇಳು. ಸಂಜೆಯ ಹೊತ್ತಿಗೆ ಅಂಥವು ಏಳಾದವು. ನಲವತ್ತೊಂದರಲ್ಲಿ ಏಳು, ನನ್ನದೂ ಸೇರಿದರೆ ಎಂಟು. ಊರೇ ಬದಲಾಯಿತು ಎಂದು ನಾನು ಬುರುಡೆ ಬಿಡುವುದಿಲ್ಲ.

ಊಟವಾದ ಮೇಲೆ ಮುಂದಿನ ವರ್ಷದ ಚೀಟಿ. ಪೆಟ್ಟಿಗೆಗೆ ಹಾಕುವ ಮೊದಲು ಅಧ್ಯಕ್ಷ ಪ್ರತಿ ಚೀಟಿಯನ್ನೂ ಬಿಡಿಸಿ ಹೆಸರು ಗಟ್ಟಿಯಾಗಿ ಓದುವುದು ನಮ್ಮ ರೂಢಿ, ಒಬ್ಬರೇ ಎರಡು ಹಾಕಬಾರದಲ್ಲ. ಗುವಾಲ್ತೆರ್ ಓದುತ್ತಾ ಹೋದ. ಒಂದು ಚೀಟಿ ಬಿಡಿಸಿ ತಡೆದ. ಹಿಂದೆ ತಿರುಗಿಸಿ ನೋಡಿದ.

"ಇದ್ರಲ್ಲಿ ಹೆಸರೇ ಇಲ್ಲ. ಬರೀ ಮೂವತ್ತೇಳು ಅಂತ ಬರೆದಿದೆ. ಯಾರದಿದು?"

ಒದೀಲಿಯಾ ತಲೆ ತಗ್ಗಿಸಿದ್ದಳು. ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಯಾರದು ಅಂತ ಇನ್ನೂ ಕೇಳ್ತೀಯಾ ಗುವಾಲ್ತೆರ್? ನಂದು. ಬರೆದವಳೂ ನಾನೇ, ಆ ನಂಬರಿನ ಜವಾಬ್ದಾರಿಯೂ ನಂದೇ. ಏನಾದ್ರೂ ಬಿಚ್ಚಿಕೊಂಡ್ರೆ ನನ್ನ ಮನೆಗೆ ತಗೊಂಡು ಬಾ. ಈಗ ಹಾಕು ಒಳಗೆ."

ಅವನು ಹಾಕಿದ. ಆ ವರ್ಷ ಅವಳ ಚೀಟಿ ಬರಲಿಲ್ಲ, ಮುಂದಿನ ವರ್ಷವೂ ಬರಲಿಲ್ಲ. ಈಗ ಅವಳಿಗೆ ಎಪ್ಪತ್ತಾರು. ಪ್ರತಿ ವರ್ಷ ಚೀಟಿ ಹಾಕುತ್ತಾಳೆ, ಮೂವತ್ತೇಳು ಎಂದೇ ಬರೆಯುತ್ತಾಳೆ. ಯಾರದು ಎಂದು ಈಗ ಯಾರೂ ಕೇಳುವುದಿಲ್ಲ.